ಲ್ಯಾಂಬರ್ಟನ ನೀತಿಕಥೆ ನಮಗೆ ಬೇಡ

ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ, ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ, ಪತ್ರಿಕೆಗಳ ಯುವ ಪುರವಣಿಗಳಲ್ಲಿ ಒಂದು ಬಗೆಯ ಕಥೆಗೆ ಎಂದೂ ಬರಗಾಲ ಬಂದದ್ದಿಲ್ಲ. ಬಡ ಹುಡುಗ, ತಿರಸ್ಕಾರ, ಕಷ್ಟ, ಛಲ, ಕೊನೆಗೆ ಕಿರೀಟ. ಈ ಐದು ಮೆಟ್ಟಿಲುಗಳ ಮೇಲೆ ಯಾರನ್ನು ಬೇಕಾದರೂ ಹತ್ತಿಸಿ ಕೂರಿಸಬಹುದು. ಇಂಗ್ಲೆಂಡಿನ ಪತ್ರಿಕೆಗಳು ರಿಕ್ಕಿ ಲ್ಯಾಂಬರ್ಟ್ ಎಂಬ ಫುಟ್ಬಾಲ್ ಆಟಗಾರನನ್ನು ಹೀಗೆ ಹತ್ತಿಸಿ ಕೂರಿಸಿ ಹತ್ತು ವರ್ಷದ ಮೇಲಾಯಿತು.

ಕಥೆ ಚುಟುಕಾಗಿ ಹೀಗಿದೆ. ಲಿವರ್‌ಪೂಲ್ ನಗರದ ಪಕ್ಕದ ಕರ್ಬಿ ಎಂಬ ಕಾರ್ಮಿಕರ ಊರಿನಲ್ಲಿ 1982ರಲ್ಲಿ ಹುಟ್ಟಿದ ಹುಡುಗ. ಹತ್ತನೇ ವಯಸ್ಸಿಗೆ ಲಿವರ್‌ಪೂಲ್ ಕ್ಲಬ್ಬಿನ ತರಬೇತಿ ಶಾಲೆ ಸೇರಿದ. ಹದಿನೈದನೇ ವಯಸ್ಸಿಗೆ ಕ್ಲಬ್ ಅವನನ್ನು ಹೊರಗೆ ಕಳಿಸಿತು. ಬ್ಲ್ಯಾಕ್‌ಪೂಲ್ ಎಂಬ ಇನ್ನೊಂದು ಕ್ಲಬ್ ಸೇರಿಸಿಕೊಂಡು ಅದೂ ಕೈಬಿಟ್ಟಿತು. ಆಗ ಹುಡುಗ ಮ್ಯಾಕಲ್ಸ್‌ಫೀಲ್ಡ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಸಂಬಳವಿಲ್ಲದೆ ಅಭ್ಯಾಸ ಮಾಡುತ್ತ, ಬಸ್ಸಿನ ಖರ್ಚಿಗೆಂದು ಬೀಟ್‌ರೂಟ್ ಕಾರ್ಖಾನೆಯಲ್ಲಿ ಜಾಡಿಗಳಿಗೆ ಮುಚ್ಚಳ ತಿರುಗಿಸುವ ಕೆಲಸಕ್ಕೆ ಹೋದ. ದಿನಕ್ಕೆ 20 ಪೌಂಡ್ ಕೂಲಿ. ಅಲ್ಲಿಂದ ಊರಿಂದೂರಿಗೆ, ಕ್ಲಬ್ಬಿಂದ ಕ್ಲಬ್ಬಿಗೆ. 2013ರ ಆಗಸ್ಟ್ 14ರಂದು, 31ನೇ ವಯಸ್ಸಿನಲ್ಲಿ, ವೆಂಬ್ಲಿ ಮೈದಾನದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡಿನ ಪರವಾಗಿ ಮೊದಲ ಸಲ ಇಳಿದ. ಕೆಲವೇ ನಿಮಿಷಗಳಲ್ಲಿ, ಚೆಂಡು ಮೊದಲ ಸಲ ತಲೆಗೆ ತಾಗಿದ್ದೇ ತಡ, ಗೋಲು. ಇಂಗ್ಲೆಂಡ್ 3-2ರಿಂದ ಗೆದ್ದಿತು.

ಚಪ್ಪಾಳೆ. ಇಲ್ಲಿಗೆ ಕಥೆ ಮುಗಿಯುತ್ತದೆ, ನೀತಿ ಶುರುವಾಗುತ್ತದೆ. "ನೋಡಿ ಮಕ್ಕಳೇ, ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು."

ನಮ್ಮ ತಕರಾರು ಲ್ಯಾಂಬರ್ಟನ ಮೇಲಲ್ಲ. ಆ ಗೋಲಿನ ಮೇಲೂ ಅಲ್ಲ. ಅದನ್ನು ನೋಡಿ ಸಂತೋಷಪಡದವನಿಗೆ ಆಟದ ರುಚಿಯೇ ಗೊತ್ತಿಲ್ಲ ಎನ್ನಬೇಕು. ತಕರಾರು ಇರುವುದು ಕೊನೆಗೆ ಅಂಟಿಸುವ ಆ ಒಂದು ವಾಕ್ಯದ ಮೇಲೆ. ಅದು ಲ್ಯಾಂಬರ್ಟನ ಹದಿನೈದು ವರ್ಷದ ದುಡಿಮೆಯನ್ನು ಅವಮಾನಿಸುತ್ತದೆ. ಅವನಷ್ಟೇ ದುಡಿದು ಮೇಲೆ ಬಾರದ ಸಾವಿರಾರು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ. ಹುಡುಗರನ್ನು ಹಿಂಡಿ ಎಸೆಯುವ ವ್ಯವಸ್ಥೆಯನ್ನು ಯಾವ ಪ್ರಶ್ನೆಯೂ ಇಲ್ಲದೆ ಬಿಟ್ಟುಬಿಡುತ್ತದೆ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಇಂಗ್ಲಿಷರಲ್ಲಿ ಇಂಥ ಆಟಗಾರನಿಗೆ 'ಜರ್ನಿಮನ್' ಎಂಬ ಹೆಸರಿದೆ. ಊರೂರು ಅಲೆಯುವವನು ಎಂದು ಹೆಚ್ಚಿನವರು ಅರ್ಥಮಾಡಿಕೊಳ್ಳುತ್ತಾರೆ. ಪದದ ಮೂಲ ಬೇರೆ. ಫ್ರೆಂಚ್ ಭಾಷೆಯ 'ಜೂರ್ನೆ' ಎಂದರೆ ಒಂದು ಹಗಲು, ಒಂದು ಹಗಲಿನ ಕೆಲಸ. ಕಸುಬು ಕಲಿತು ಮುಗಿಸಿದವನು, ಆದರೆ ಸ್ವಂತ ಅಂಗಡಿ ಇಲ್ಲದವನು, ಇನ್ನೊಬ್ಬರ ಕೈಕೆಳಗೆ ದಿನದ ಲೆಕ್ಕದಲ್ಲಿ ದುಡಿಯುವವನು ಜರ್ನಿಮನ್. ನಮ್ಮ ಮೊಹಲ್ಲಾಗಳ ಗ್ಯಾರೇಜು, ಹೊಲಿಗೆ ಅಂಗಡಿ, ಮರದ ಕೆಲಸದ ಕಾರ್ಖಾನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಶಾಗಿರ್ದ್ ಇದ್ದಾನೆ, ಉಸ್ತಾದ್ ಇದ್ದಾನೆ, ನಡುವೆ ಕಾರೀಗರ್ ಇದ್ದಾನೆ. ಅಂಗಡಿಯ ಬೋರ್ಡಿನ ಮೇಲೆ ಉಸ್ತಾದನ ಹೆಸರು. ಕಲಿಯುವ ಶಾಗಿರ್ದನ ಬಗ್ಗೆ ಎಲ್ಲರಿಗೂ ಕನಿಕರ. ಕೆಲಸ ಸಾಗುವುದು ಮಾತ್ರ ಕಾರೀಗರನಿಂದ. ಅವನಿಲ್ಲದ ದಿನ ಅಂಗಡಿಯ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ.

ಲ್ಯಾಂಬರ್ಟ್ ಕಾರೀಗರನಾಗಿ ದುಡಿದ ಊರುಗಳನ್ನು ನೋಡಿ. ಮ್ಯಾಕಲ್ಸ್‌ಫೀಲ್ಡ್ ಒಂದು ಕಾಲಕ್ಕೆ ರೇಷ್ಮೆಗೆ ಹೆಸರಾದ ಊರು. ಸ್ಟಾಕ್‌ಪೋರ್ಟ್ ಟೋಪಿ ತಯಾರಿಕೆಗೆ ಹೆಸರಾದ ಊರು. ರಾಚ್‌ಡೇಲ್ ಹತ್ತಿ ಗಿರಣಿಗಳ ಊರು; 1844ರಲ್ಲಿ ಅಲ್ಲಿನ 28 ಮಂದಿ ದುಡಿಯುವ ಜನ ತಮ್ಮದೇ ಅಂಗಡಿ ತೆರೆದು ಆಧುನಿಕ ಸಹಕಾರ ಚಳವಳಿಗೆ ನಾಂದಿ ಹಾಡಿದರು. ಗಿರಣಿಗಳು ಮುಚ್ಚಿದ ಮೇಲೆ ಇಂಥ ಊರುಗಳಲ್ಲಿ ಜನ ಒಟ್ಟಾಗಿ ಸೇರುವ ಜಾಗವಾಗಿ ಉಳಿದವುಗಳಲ್ಲಿ ಫುಟ್ಬಾಲ್ ಮೈದಾನವೂ ಒಂದು. ಇಂಗ್ಲೆಂಡಿನ ವೃತ್ತಿಪರ ಲೀಗಿನಲ್ಲಿ ನಾಲ್ಕು ದರ್ಜೆಗಳಿವೆ, ಒಟ್ಟು 92 ಕ್ಲಬ್ಬುಗಳು. ನಾವು ಟಿವಿಯಲ್ಲಿ ನೋಡುವುದು ಮೇಲಿನ 20ನ್ನು ಮಾತ್ರ. ಉಳಿದ 72ರಲ್ಲಿ ಆಡುವವರು ಯಾರು, ಅವರಿಗೆ ಸಂಬಳ ಎಷ್ಟು, ಕಾಲು ಮುರಿದರೆ ಗತಿ ಏನು ಎಂದು ಕೇಳಿದವರು ಕಡಿಮೆ.

2001ರಲ್ಲಿ ಮ್ಯಾಕಲ್ಸ್‌ಫೀಲ್ಡ್ ಅವನಿಗೆ ಕರಾರು ಕೊಟ್ಟಿತು. ಮರುವರ್ಷವೇ 3 ಲಕ್ಷ ಪೌಂಡಿಗೆ ಸ್ಟಾಕ್‌ಪೋರ್ಟಿಗೆ ಮಾರಿತು. 2005ರಲ್ಲಿ ರಾಚ್‌ಡೇಲ್. 2006ರಲ್ಲಿ 2 ಲಕ್ಷ ಪೌಂಡಿಗೆ ಬ್ರಿಸ್ಟಲ್ ರೋವರ್ಸ್. ಈ ನಾಲ್ಕು ಕ್ಲಬ್ಬುಗಳಿಗೆ ಆತ ಆಡಿದ ಲೀಗ್ ಪಂದ್ಯಗಳು 300ಕ್ಕೂ ಹೆಚ್ಚು, ಹೊಡೆದ ಗೋಲುಗಳು 100ಕ್ಕೂ ಹೆಚ್ಚು. ಎಲ್ಲವೂ ಮೂರನೇ, ನಾಲ್ಕನೇ ದರ್ಜೆಯಲ್ಲಿ. 2007ರಲ್ಲಿ ಬ್ರಿಸ್ಟಲ್ ರೋವರ್ಸ್ ನಾಲ್ಕನೇ ದರ್ಜೆಯಿಂದ ಮೂರನೆಯದಕ್ಕೆ ಏರಿದಾಗ ಆ ತಂಡದಲ್ಲಿ ಅವನಿದ್ದ. 2008-09ರ ಒಂದೇ ಹಂಗಾಮಿನಲ್ಲಿ ಲೀಗಿನಲ್ಲಿ 29 ಗೋಲು ಹೊಡೆದ.

ನೀತಿಕಥೆಯಲ್ಲಿ ಈ ಎಂಟು ವರ್ಷಗಳಿಗೆ ಸಿಗುವ ಜಾಗ ಒಂದು ಸಾಲು. "ಹಲವು ವರ್ಷ ಸಣ್ಣ ಕ್ಲಬ್ಬುಗಳಲ್ಲಿ ಅಲೆದ." ವನವಾಸ ಎಂಬಂತೆ! ರಾಮನಿಗೆ ವನವಾಸವೂ ರಾಮಾಯಣದ ಭಾಗವೇ ಆಗಿತ್ತು ಎಂಬುದನ್ನಾದರೂ ಈ ಕಥೆಗಾರರು ನೆನಪಿಟ್ಟುಕೊಳ್ಳಬೇಕಿತ್ತು. ಮುನ್ನೂರು ಪಂದ್ಯಗಳೆಂದರೆ ಮುನ್ನೂರು ದಿನಗಳ ಪೂರ್ತಿ ಕೆಲಸ. ಪ್ರತಿ ಪಂದ್ಯಕ್ಕೂ ಟಿಕೇಟು ಕೊಂಡು ಬಂದ ಜನರಿದ್ದರು. ಗೋಲು ಬಿದ್ದಾಗ ಅವರು ಕುಣಿದದ್ದು, ಮನೆಗೆ ಹೋಗಿ ಅದನ್ನೇ ಮಾತಾಡಿದ್ದು ಸುಳ್ಳಲ್ಲ. ಆ ಗೋಲುಗಳು ಮುಂದೆಂದೋ ಆಗಲಿರುವ ದೊಡ್ಡದೊಂದಕ್ಕೆ ತಾಲೀಮು ಆಗಿರಲಿಲ್ಲ.

"ಅವನನ್ನು ಯಾರೂ ಗುರುತಿಸಲಿಲ್ಲ" ಎಂಬುದು ಈ ಕಥೆಯ ಇನ್ನೊಂದು ಪಲ್ಲವಿ. ಯಾರೂ ಎಂದರೆ ಯಾರು? ಬ್ರಿಸ್ಟಲ್ಲಿನ ಮೈದಾನದಲ್ಲಿ ಪ್ರತಿ ವಾರ ಸಾವಿರಾರು ಜನ ನಿಂತು ಅವನ ಆಟ ನೋಡುತ್ತಿದ್ದರು. ಎದುರಾಳಿ ತಂಡದ ರಕ್ಷಣಾ ಆಟಗಾರರಿಗೆ ಅವನ ಭುಜದ ಬಲ ಗೊತ್ತಿತ್ತು. ಗೋಲುಕೀಪರುಗಳಿಗೆ ಅವನ ಫ್ರೀಕಿಕ್ಕಿನ ವೇಗ ಗೊತ್ತಿತ್ತು. ಗುರುತಿಸದೇ ಇದ್ದವರು ಚೆಕ್ಕಿಗೆ ಸಹಿ ಹಾಕುವವರು, ಟಿವಿ ಕ್ಯಾಮೆರಾ ಎಲ್ಲಿಡಬೇಕೆಂದು ತೀರ್ಮಾನಿಸುವವರು. ಅವರ ಕಣ್ಣಿಗೆ ಬಿದ್ದದ್ದನ್ನೇ 'ಬೆಳಕಿಗೆ ಬಂದದ್ದು' ಎಂದು ಕರೆಯುವುದಾದರೆ ಉಳಿದ ನಾವೆಲ್ಲ ಇಷ್ಟು ದಿನ ಕತ್ತಲಲ್ಲಿ ಕುಳಿತಿದ್ದೆವು ಎಂದಾಯಿತು. ಜಿಲ್ಲಾ ಕೇಂದ್ರದ ಸಣ್ಣ ಪತ್ರಿಕೆಗಳಲ್ಲಿ ಬರೆಯುವವರು, ಅವುಗಳನ್ನು ಓದುವವರು ಈ ಮಾತನ್ನು ಬೇರೆ ಸಂದರ್ಭಗಳಲ್ಲಿ ಬೇಕಾದಷ್ಟು ಕೇಳಿದ್ದಾರೆ. ರಾಜಧಾನಿ ಕಂಡುಹಿಡಿಯುವ ತನಕ ನಾವು ಇರುವುದೇ ಇಲ್ಲ!

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪಕ್ಕೆ ಉತ್ತರ ಕೊಡಬೇಕು. 2009ರ ಆಗಸ್ಟಿನಲ್ಲಿ ಸುಮಾರು 10 ಲಕ್ಷ ಪೌಂಡಿಗೆ ಸೌತಾಂಪ್ಟನ್ ಅವನನ್ನು ಕೊಂಡಿತು. ಆಗ ಅದೂ ಮೂರನೇ ದರ್ಜೆಗೆ ಕುಸಿದಿದ್ದ, ಸಾಲದಲ್ಲಿ ಮುಳುಗಿ ಹೊಸ ಮಾಲೀಕನ ಕೈಗೆ ಬಂದಿದ್ದ ಕ್ಲಬ್. ಅಲ್ಲಿನ ಮ್ಯಾನೇಜರ್ ಅಲನ್ ಪಾರ್ಡ್ಯೂ ಇವನ ಮೈಭಾರ ನೋಡಿ, ಇಳಿಸದಿದ್ದರೆ ಮುಂದೆ ದಾರಿಯಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಲ್ಯಾಂಬರ್ಟ್ ಇಳಿಸಿದ. ಆ ಹಂಗಾಮಿನಲ್ಲಿ ಎಲ್ಲ ಪಂದ್ಯಗಳಿಂದ 36 ಗೋಲು ಹೊಡೆದ. 2011ರಲ್ಲಿ ತಂಡ ಎರಡನೇ ದರ್ಜೆಗೆ, 2012ರಲ್ಲಿ ಪ್ರೀಮಿಯರ್ ಲೀಗಿಗೆ ಏರಿತು. ಅಲ್ಲಿ ಮೊದಲ ವರ್ಷವೇ ಇವನ ಲೆಕ್ಕಕ್ಕೆ 15 ಗೋಲು. ಸೌತಾಂಪ್ಟನ್ ಪರವಾಗಿ ಒದ್ದ 34 ಪೆನಾಲ್ಟಿಗಳಲ್ಲಿ ಒಂದೂ ತಪ್ಪಲಿಲ್ಲ. ಹಾಗಾದರೆ ಶ್ರಮದಿಂದಲೇ ಅಲ್ಲವೇ ಮೇಲೆ ಬಂದದ್ದು ಎಂದು ಕೇಳುವವರಿದ್ದಾರೆ.

ಶ್ರಮ ಇಲ್ಲ ಎಂದವರು ಯಾರು? ಆದರೆ ಆ ಶ್ರಮ ಫಲ ಕೊಡುವುದಕ್ಕೆ ಏನೇನು ಬೇಕಾಯಿತು ಎಂಬುದನ್ನೂ ಪಟ್ಟಿ ಮಾಡಬೇಕಲ್ಲ. ಹಣವುಳ್ಳ ಮಾಲೀಕ ಬೇಕಾಯಿತು. ವೈದ್ಯರು, ವ್ಯಾಯಾಮ ಹೇಳಿಕೊಡುವವರು, ಊಟ ಅಳೆದು ಕೊಡುವವರು ಬೇಕಾಯಿತು. ದೀರ್ಘ ಕರಾರಿನ ನೆಮ್ಮದಿ ಬೇಕಾಯಿತು. ಅವನ ಸುತ್ತ ಚೆಂಡು ದಾಟಿಸುವ ಒಳ್ಳೆಯ ಜೊತೆಗಾರರು ಬೇಕಾದರು. ಬೀಟ್‌ರೂಟ್ ಜಾಡಿಗೆ ಮುಚ್ಚಳ ತಿರುಗಿಸಿ ಸಂಜೆ ಅಭ್ಯಾಸಕ್ಕೆ ಹೋಗುತ್ತಿದ್ದ ಹುಡುಗ ಸೌತಾಂಪ್ಟನ್ನಿನ ಗಂಡಸಿಗಿಂತ ಕಡಿಮೆ ಶ್ರಮ ಪಡುತ್ತಿದ್ದನೇ? ಶ್ರಮ ಎರಡೂ ಕಡೆ ಇತ್ತು. ಸೌಕರ್ಯ ಒಂದೇ ಕಡೆ ಇತ್ತು. ಹದಿನೈದರ ಹುಡುಗನನ್ನು ಬಾಗಿಲಾಚೆ ಕಳಿಸಿದ ಲಿವರ್‌ಪೂಲ್, 2014ರ ಜೂನಿನಲ್ಲಿ ಅದೇ ಹುಡುಗನನ್ನು ಸುಮಾರು 40 ಲಕ್ಷ ಪೌಂಡ್ ತೆತ್ತು ಮರಳಿ ತಂದಿತು. ಇದರಲ್ಲಿ ತಿದ್ದಿಕೊಳ್ಳಬೇಕಾದ್ದು ಹುಡುಗನ ಛಲವೋ, ಕ್ಲಬ್ಬಿನ ಕಣ್ಣೋ? ನೀತಿಕಥೆ ಹುಡುಗನ ಬೆನ್ನು ತಟ್ಟುತ್ತದೆ. ಕ್ಲಬ್ಬಿನ ಕಿವಿ ಹಿಂಡುವುದಿಲ್ಲ.

ಇಂಥ ಕಥೆ ಇದೊಂದೇ ಅಲ್ಲ. ಜೇಮಿ ವಾರ್ಡಿಯನ್ನು ಹದಿನಾರನೇ ವಯಸ್ಸಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಗಾತ್ರ ಸಾಲದೆಂದು ಕೈಬಿಟ್ಟಿತು. ಕೈಕಾಲು ಮುರಿದವರಿಗೆ ಕಟ್ಟುವ ಪಟ್ಟಿಗಳ ಕಾರ್ಖಾನೆಯಲ್ಲಿ ದುಡಿಯುತ್ತ, ವಾರಕ್ಕೆ 30 ಪೌಂಡಿಗೆ ಸ್ಟಾಕ್ಸ್‌ಬ್ರಿಜ್ ಎಂಬ ಊರಿನ ತಂಡಕ್ಕೆ ಆಡಿದ ಆತ 2016ರಲ್ಲಿ ಲೆಸ್ಟರ್ ತಂಡದೊಂದಿಗೆ ಇಂಗ್ಲೆಂಡಿನ ಚಾಂಪಿಯನ್ ಆದ. ಲ್ಯಾಂಬರ್ಟನ ಕಥೆ ಹೇಳಿದವರೇ ವಾರ್ಡಿಯ ಕಥೆಯನ್ನೂ ಹೇಳಿದರು, ಅದೇ ನೀತಿಯೊಂದಿಗೆ. ಒಂದೇ ದೇಶದಲ್ಲಿ ಒಂದೇ ಕಾಲದ ಇಬ್ಬರು ರಾಷ್ಟ್ರೀಯ ತಂಡದ ಆಟಗಾರರನ್ನು ಅಲ್ಲಿನ ಕ್ಲಬ್ಬುಗಳೇ ಎಳೆಯ ವಯಸ್ಸಿನಲ್ಲಿ ಕಸದ ಬುಟ್ಟಿಗೆ ಎಸೆದಿದ್ದವು ಎಂದರೆ, ಅದೇ ಬುಟ್ಟಿಯಲ್ಲಿ ಇನ್ನೆಷ್ಟು ಜನ ಉಳಿದುಹೋದರು ಎಂಬ ಪ್ರಶ್ನೆ ತಾನೇ ಮೊದಲು ಬರಬೇಕಾದ್ದು? ಬಾವಿಗೆ ಬಿದ್ದವರಲ್ಲಿ ಇಬ್ಬರು ಈಜಿ ಮೇಲೆ ಬಂದರೆ ಈಜಿನ ಮಹಿಮೆ ಹಾಡುವುದಕ್ಕೆ ಮುಂಚೆ ಬಾವಿಗೆ ಕಟ್ಟೆ ಕಟ್ಟಬೇಕು.

ಆಟಗಾರರ ಅಂತರರಾಷ್ಟ್ರೀಯ ಸಂಘಟನೆ ಫಿಫ್‌ಪ್ರೊ 2016ರಲ್ಲಿ 54 ದೇಶಗಳ ಸುಮಾರು 14,000 ವೃತ್ತಿಪರ ಆಟಗಾರರನ್ನು ವಿಚಾರಿಸಿ ವರದಿ ಹೊರತಂದಿತು. ಹಿಂದಿನ ಎರಡು ವರ್ಷಗಳಲ್ಲಿ ಶೇ. 41ರಷ್ಟು ಜನಕ್ಕೆ ಸಂಬಳ ಹೊತ್ತಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಶೇ. 45ಕ್ಕೂ ಹೆಚ್ಚು ಮಂದಿಯ ಗಳಿಕೆ ತಿಂಗಳಿಗೆ 1,000 ಡಾಲರಿಗಿಂತ ಕಡಿಮೆ. ಫುಟ್ಬಾಲ್ ಆಟಗಾರ ಎಂದರೆ ನಮ್ಮ ಕಣ್ಣಮುಂದೆ ಬರುವುದು ಬಂಗಲೆ, ಕಾರು, ಕೋಟಿಗಳು. ಈ ವರದಿಯ ಆಟಗಾರ ತಿಂಗಳ ಕೊನೆಗೆ ಬ್ಯಾಂಕಿನ ಸಂದೇಶ ಬಂತೇ ಎಂದು ಫೋನ್ ನೋಡುವವನು. ಅವನಿಗೆ ಛಲ ಕಡಿಮೆಯಾಗಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಹಾಗಾದರೆ ಆಟಗಾರರ ಬದುಕು ಸುಧಾರಿಸಿದ್ದು ಹೇಗೆ? ಇದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಭಾಷಣಕಾರರು ಆ ಪುಟ ತೆರೆಯುವುದೇ ಇಲ್ಲ. ಇಂಗ್ಲೆಂಡಿನಲ್ಲಿ 1885ರಲ್ಲಿ ಹಣ ಪಡೆದು ಆಡುವುದಕ್ಕೆ ಅನುಮತಿ ಸಿಕ್ಕಿತು. 1901ರಲ್ಲಿ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಯಾರಿಗೂ ಕೊಡಕೂಡದು ಎಂಬ ಕಟ್ಟಳೆ ಜಾರಿಗೆ ಬಂತು. ಕರಾರು ಮುಗಿದರೂ ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. ಜೀತ ಎಂಬ ಪದ ನಮ್ಮವರಿಗೆ ಚೆನ್ನಾಗಿ ಗೊತ್ತು. ಸಂಬಳ ಕೊಟ್ಟು ಮಾಡಿಸುವ ಜೀತ ಇದು. 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಟಗಾರರು ಸಂಘ ಕಟ್ಟಿದರು. ಅರ್ಧ ಶತಮಾನಕ್ಕೂ ಹೆಚ್ಚು ಹೋರಾಡಿದರು. 1961ರ ಜನವರಿಯಲ್ಲಿ, ಜಿಮ್ಮಿ ಹಿಲ್ ಎಂಬ ಆಟಗಾರನ ಮುಂದಾಳುತನದಲ್ಲಿ ಇಡೀ ದೇಶದ ಆಟಗಾರರು ಮುಷ್ಕರಕ್ಕೆ ಸಿದ್ಧರಾದಾಗ, ಅಷ್ಟು ಹೊತ್ತಿಗೆ 20 ಪೌಂಡಿಗೆ ಬಂದಿದ್ದ ಆ ಮಿತಿ ಮುರಿದುಬಿತ್ತು.

ಆ ಮುಷ್ಕರದ ಸಭೆಯ ಒಂದು ಪ್ರಸಂಗ ನೆನೆಯುವಂಥದು. ಕೆಳದರ್ಜೆಯ ಯುವ ಆಟಗಾರನೊಬ್ಬ ಎದ್ದು, ತನ್ನ ತಂದೆ ಗಣಿಯಲ್ಲಿ ದುಡಿದು ಇದಕ್ಕಿಂತ ಕಡಿಮೆ ಗಳಿಸುತ್ತಾನೆ, ನಮಗೆ ಇದು ಸಾಲದೇ ಎಂದನಂತೆ. ತಾನೂ ಗಣಿಗೆ ಇಳಿದು ಬಂದಿದ್ದ ಬೋಲ್ಟನ್ನಿನ ಟಾಮಿ ಬ್ಯಾಂಕ್ಸ್ ಉತ್ತರಿಸಿದ: ನಿನ್ನ ತಂದೆಯ ಕೆಲಸ ಕಷ್ಟದ್ದೇ, ನನಗೂ ಗೊತ್ತು, ಆದರೆ ಅವನು ಕಲ್ಲಿದ್ದಲು ಕಡಿಯುವುದನ್ನು ನೋಡಲು ಸಾವಿರಾರು ಜನ ದುಡ್ಡು ಕೊಟ್ಟು ಬರುವುದಿಲ್ಲ, ನಾನು ಸ್ಟ್ಯಾನ್ಲಿ ಮ್ಯಾಥ್ಯೂಸನನ್ನು ತಡೆಯುವುದನ್ನು ನೋಡಲು ಬರುತ್ತಾರೆ, ಆ ದುಡ್ಡು ಎಲ್ಲಿ ಹೋಗುತ್ತಿದೆ? ಕಾರ್ಮಿಕನ ಈ ಒಂದು ಪ್ರಶ್ನೆಯಲ್ಲಿ ಇರುವ ಬೆಳಕು ನೂರು ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಸಿಗಲಾರದು.

ಆಮೇಲೆ 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ನ್ಯಾಯಾಲಯಕ್ಕೆ ಹೋಗಿ, ಕರಾರು ಮುಗಿದ ಆಟಗಾರನನ್ನು ಹಿಡಿದಿಟ್ಟುಕೊಳ್ಳುವುದು ನ್ಯಾಯವಲ್ಲ ಎಂಬ ತೀರ್ಪು ಪಡೆದ. 1995ರ ಡಿಸೆಂಬರ್ 15ರಂದು ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಯೂರೋಪಿನ ನ್ಯಾಯಾಲಯದಲ್ಲಿ ಗೆದ್ದ. ಅಂದಿನಿಂದ ಯೂರೋಪಿನಲ್ಲಿ ಕರಾರು ಮುಗಿದ ಆಟಗಾರ ಯಾರಿಗೂ ಶುಲ್ಕ ಕಟ್ಟದೆ ಬೇರೆ ದೇಶದ ಕ್ಲಬ್ಬಿಗೆ ಹೋಗಬಹುದಾಯಿತು. ತೀರ್ಪಿನ ಫಲವನ್ನು ತಾರೆಗಳು ಉಂಡರು. ಹೋರಾಡಿದ ಬೋಸ್ಮನ್ ಕೆಲಸವಿಲ್ಲದೆ, ಕುಡಿತಕ್ಕೆ ಬಿದ್ದು ನರಳಿದ. ಲ್ಯಾಂಬರ್ಟ್ ಊರಿಂದೂರಿಗೆ ಹೋಗಿ ತನ್ನ ಕಸುಬಿಗೆ ಬೆಲೆ ಕೇಳಲು ಸಾಧ್ಯವಾದದ್ದು ಇವರೆಲ್ಲ ತೆರೆದಿಟ್ಟ ಬಾಗಿಲಿನಿಂದ. ಒಬ್ಬೊಬ್ಬರೇ ಕಷ್ಟಪಟ್ಟದ್ದರಿಂದ ಆ ಬಾಗಿಲು ತೆರೆಯಲಿಲ್ಲ. ಒಟ್ಟಾಗಿ ತಳ್ಳಿದ್ದರಿಂದ ತೆರೆಯಿತು.

ಇನ್ನು ಕಥೆ ನಿಲ್ಲುವ ಜಾಗದ ಬಗ್ಗೆ ಒಂದು ಮಾತು. ಹೆಚ್ಚಿನವರು ಅದನ್ನು 2014ರಲ್ಲಿ, ಲ್ಯಾಂಬರ್ಟ್ ಬಾಲ್ಯದ ಕನಸಿನ ಕ್ಲಬ್ಬಿಗೆ ಮರಳಿದಾಗ ಮುಗಿಸುತ್ತಾರೆ. ಆ ವರ್ಷದ ವಿಶ್ವಕಪ್ಪಿಗೂ ಅವನು ಹೋದ. ಸಿಕ್ಕ ಅವಕಾಶ ಒಂದೇ ಪಂದ್ಯದ ಕೊನೆಯ ನಿಮಿಷಗಳು. ಲಿವರ್‌ಪೂಲಿನಲ್ಲಿ 25 ಲೀಗ್ ಪಂದ್ಯ, 2 ಗೋಲು. ಬಹುಪಾಲು ಬೆಂಚಿನ ಮೇಲೆ. ಮರುವರ್ಷ ವೆಸ್ಟ್ ಬ್ರಾಮಿಚ್‌ಗೆ ಮಾರಾಟ. 2016ರಲ್ಲಿ ಕಾರ್ಡಿಫ್. 2017ರಲ್ಲಿ ಕರಾರು ರದ್ದಾಯಿತು, ಆಟಕ್ಕೆ ವಿದಾಯ. ಇಂಗ್ಲೆಂಡಿನ ಪರ ಒಟ್ಟು 11 ಪಂದ್ಯ, 3 ಗೋಲು. ಶಿಖರ ಎಂದು ಕಥೆ ಹೇಳುವ ಜಾಗದಲ್ಲಿ ಅವನು ಆಡಿದ್ದು ಕಡಿಮೆ, ಕುಳಿತದ್ದು ಹೆಚ್ಚು. ವನವಾಸ ಎಂದು ಹೇಳುವ ಜಾಗದಲ್ಲಿ ಪ್ರತಿ ಶನಿವಾರ ಆಡಿದ, ಗೋಲು ಹೊಡೆದ, ಬೇಕಾದವನಾಗಿದ್ದ. ಆಟಗಾರನ ಬದುಕು ಎಲ್ಲಿ ಹೆಚ್ಚು ತುಂಬಿತ್ತು ಎಂಬುದನ್ನು ನೀವೇ ತೂಗಿ ನೋಡಿ.

ಅವನನ್ನು ಸಾಕಿದ ಕ್ಲಬ್ಬುಗಳಿಗೆ ಏನಾಯಿತು? ಕಾರ್ಖಾನೆಯ ಹುಡುಗನಿಗೆ ಕರಾರು ಕೊಟ್ಟ ಮ್ಯಾಕಲ್ಸ್‌ಫೀಲ್ಡ್ ಟೌನ್ ಆಟಗಾರರಿಗೆ ಸಂಬಳ ಕೊಡಲಾಗದೆ, ಅದಕ್ಕಾಗಿ ಅಂಕ ಕಳೆದುಕೊಂಡು, 2020ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯದ ಆದೇಶದಂತೆ ಮುಚ್ಚಿಹೋಯಿತು. ಊರಿನಲ್ಲಿ ಅದರ ಜಾಗದಲ್ಲಿ ಹೊಸ ಕ್ಲಬ್ಬೊಂದು ಕೆಳಗಿನ ದರ್ಜೆಯಿಂದ ಶುರುವಾಗಬೇಕಾಯಿತು. ಸ್ಟಾಕ್‌ಪೋರ್ಟ್ ಆರನೇ ದರ್ಜೆಯವರೆಗೆ ಕುಸಿದು 2022ರಲ್ಲಿ ನಾಲ್ಕನೆಯದಕ್ಕೆ ಮರಳಿತು. 1921ರಿಂದ ಲೀಗಿನಲ್ಲಿದ್ದ ರಾಚ್‌ಡೇಲ್ 2023ರಲ್ಲಿ ಹೊರಬಿತ್ತು. ಮೇಲಿನ ಕ್ಲಬ್ಬುಗಳಿಗೆ ಕಾರೀಗರರನ್ನು ತಯಾರಿಸಿ ಕೊಡುವ ಅಂಗಡಿಗಳು ಹೀಗೆ ತತ್ತರಿಸುತ್ತಿರುವಾಗ ಅಲ್ಲಿನ ಮುಂದಿನ ಹುಡುಗ ಎಲ್ಲಿಗೆ ಹೋಗಿ ಬಾಗಿಲು ತಟ್ಟಬೇಕು?

ಇದೆಲ್ಲ ದೂರದ ಇಂಗ್ಲೆಂಡಿನ ಮಾತು, ನಮಗೇಕೆ ಎನ್ನುವವರು ಸುನಿಲ್ ಛೆಟ್ರಿಯ ದಾರಿಯನ್ನೊಮ್ಮೆ ನೋಡಬೇಕು. ಭಾರತದ ಪರವಾಗಿ ಅತಿ ಹೆಚ್ಚು ಗೋಲು ಹೊಡೆದ ಈ ಸ್ಟ್ರೈಕರ್ 2013ರಲ್ಲಿ ಬೆಂಗಳೂರು ಎಫ್‌ಸಿ ಸೇರುವ ಮುಂಚೆ ಹನ್ನೊಂದು ವರ್ಷ ಅಕ್ಷರಶಃ ಜರ್ನಿಮನ್ ಆಗಿದ್ದ. ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಚಿರಾಗ್ ಯುನೈಟೆಡ್, ಚರ್ಚಿಲ್ ಬ್ರದರ್ಸ್. ನಡುವೆ ಅಮೆರಿಕ, ಪೋರ್ಚುಗಲ್ ದೇಶಗಳ ಕ್ಲಬ್ಬುಗಳು. ಇವುಗಳಲ್ಲಿ ಪಂಜಾಬಿನ ಜೆಸಿಟಿ 2011ರಲ್ಲಿ ತಂಡವನ್ನೇ ವಿಸರ್ಜಿಸಿತು. ಗೋವೆಯ ಡೆಂಪೊ 2016ರಲ್ಲಿ ರಾಷ್ಟ್ರೀಯ ಲೀಗಿನಿಂದ ಹಿಂದೆ ಸರಿಯಿತು. ಛೆಟ್ರಿಗೆ ಬೇರೆ ಕ್ಲಬ್ಬುಗಳು ಕಾದಿದ್ದವು. ಅದೇ ತಂಡಗಳಲ್ಲಿ ಅವನ ಪಕ್ಕದಲ್ಲಿ ಆಡಿದ, ಹೆಸರಿಲ್ಲದ ಸ್ಟ್ರೈಕರನಿಗೆ ಏನು ಕಾದಿತ್ತು?

ನಮ್ಮ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐಗಳಂಥ ಸಾರ್ವಜನಿಕ ಉದ್ದಿಮೆಗಳ ತಂಡಗಳಿದ್ದ ಕಾಲದಲ್ಲಿ ಆಟಗಾರನಿಗೆ ಕಾರ್ಖಾನೆಯಲ್ಲೊಂದು ನೌಕರಿಯೂ ಇರುತ್ತಿತ್ತು. ಮಂಡಿ ಕೈಕೊಟ್ಟರೂ ಸಂಬಳ, ಭವಿಷ್ಯನಿಧಿ, ಆಸ್ಪತ್ರೆ ಕೈಬಿಡುತ್ತಿರಲಿಲ್ಲ. ಆ ವ್ಯವಸ್ಥೆಯಲ್ಲಿ ಕೋಟಿಗಳಿರಲಿಲ್ಲ, ಆಟದ ಮಟ್ಟದ ಬಗ್ಗೆ ದೂರುಗಳೂ ಇದ್ದವು. ಹೊಸ ಲೀಗು ಬಂದ ಮೇಲೆ ಮೈದಾನ, ತರಬೇತಿ, ಗಳಿಕೆ ಎಲ್ಲ ಸುಧಾರಿಸಿದ್ದನ್ನೂ ಒಪ್ಪಬೇಕು. ಆದರೆ 2025ರಲ್ಲಿ ಏನಾಯಿತು? ಲೀಗು ನಡೆಸುವ ಕಂಪನಿಗೂ ಭಾರತೀಯ ಫುಟ್ಬಾಲ್ ಫೆಡರೇಷನ್ನಿಗೂ ನಡುವಿನ ಒಪ್ಪಂದ ನವೀಕರಣಗೊಳ್ಳದೆ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗಿನ ಮುಂದಿನ ಹಂಗಾಮನ್ನೇ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಯಾವ ಆಟಗಾರನ ಛಲದಲ್ಲಿ ಯಾವ ಕೊರತೆ ಇತ್ತೆಂದು ಈ ಸಂಬಳ ನಿಂತಿತು? ಮೇಲೆ ಇಬ್ಬರು ದೊಡ್ಡವರ ಕಾಗದಪತ್ರ ಮುಗಿಯಲಿಲ್ಲ, ಕೆಳಗೆ ಕಾರೀಗರನ ಒಲೆಯ ಲೆಕ್ಕ ತಪ್ಪಿತು. ಅಷ್ಟೇ.

"ನೀವು ಮಕ್ಕಳ ಕನಸಿಗೆ ತಣ್ಣೀರು ಎರಚುತ್ತಿದ್ದೀರಿ" ಎಂದು ನಮ್ಮನ್ನು ಬೈಯಬಹುದು. ಕನಸು ಕಾಣಬೇಡಿ ಎಂದು ನಾವು ಹೇಳುತ್ತಿಲ್ಲ. ಮಗುವಿಗೆ ಅರ್ಧ ಕಥೆ ಹೇಳಿ ಕಳಿಸುವುದು ಪ್ರೀತಿಯಲ್ಲ ಎಂದಷ್ಟೇ ಹೇಳುತ್ತಿದ್ದೇವೆ. ಕಷ್ಟಪಟ್ಟರೆ ಬಂದೇ ಬರುತ್ತದೆ ಎಂದು ನಂಬಿ ಹೊರಟ ಹುಡುಗ, ಬಾರದೇ ಇದ್ದಾಗ ಯಾರನ್ನು ದೂಷಿಸುತ್ತಾನೆ? ತನ್ನನ್ನೇ. ಹದಿನೆಂಟು ವರ್ಷಕ್ಕೆ ಅವನು ತನ್ನನ್ನು ಸೋತವನೆಂದು ಬಗೆದು ಮನೆಯ ಮೂಲೆ ಸೇರುತ್ತಾನೆ. ಲ್ಯಾಂಬರ್ಟನನ್ನು ಕೈಬಿಟ್ಟ ಕ್ಲಬ್ಬಿಗೆ ಆ ಹುಡುಗನ ಮನೆಯ ವಿಳಾಸವೂ ನೆನಪಿರುವುದಿಲ್ಲ.

ಆದ್ದರಿಂದ ಮುಂದಿನ ಸಲ ವೇದಿಕೆಯ ಮೇಲೆ ಯಾರಾದರೂ ಬೀಟ್‌ರೂಟ್ ಕಾರ್ಖಾನೆಯ ಕಥೆ ಹೇಳಿದರೆ ಪೂರ್ತಿ ಹೇಳಲಿ. ಹದಿನೈದರ ಹುಡುಗರನ್ನು ಹೊರಗೆ ಹಾಕುವ ಕ್ಲಬ್ಬು ಅವರ ಓದಿಗೆ, ಮುಂದಿನ ಬದುಕಿಗೆ ಏನು ಏರ್ಪಾಟು ಮಾಡಿದೆ ಎಂದೂ ಹೇಳಲಿ. ವೆಂಬ್ಲಿಯ ಗೋಲಿನ ಜೊತೆಗೆ ರಾಚ್‌ಡೇಲಿನ ಗೋಲುಗಳನ್ನೂ ಎಣಿಸಲಿ. ಆಟಗಾರರಿಗೆ ಸಂಘ ಏಕೆ ಬೇಕಾಯಿತು, 1961ರಲ್ಲಿ ಅವರು ಏನು ಕೇಳಿದರು ಎಂಬುದನ್ನು ಮಕ್ಕಳಿಗೆ ತಿಳಿಸಲಿ. ನಾವೂ ಮೈದಾನಕ್ಕೆ ಹೋದಾಗ, ತಾರೆಯ ಜೊತೆ ಫೋಟೋ ತೆಗೆಸಿಕೊಂಡ ಮೇಲೆ, ಬೆಂಚಿನ ತುದಿಯಲ್ಲಿ ಕುಳಿತ ಆ ಇನ್ನೊಬ್ಬ ಸ್ಟ್ರೈಕರನ ಹೆಸರು ಏನೆಂದು ಕೇಳೋಣ. ಈ ತಿಂಗಳ ಸಂಬಳ ಬಂತೇ ಎಂದೂ ಕೇಳೋಣ.